ಹರಳಿಗೆ ಹಚ್ಚಿದ ವಿಭೂತಿ

ಆಗ ನನಗೆ ಎಪ್ಪತ್ತೆರಡು. ಮೂರು ವರ್ಷದ ಹಿಂದಿನ ಮಾತು. ಬೆಳಗಾವಿಯಲ್ಲಿ ವಿಜ್ಞಾನ ಓದುವ ಮಗಳ ಮಗಳು ಧಾರವಾಡಕ್ಕೆ ಹೊರಟವಳು ಕಿತ್ತೂರಿನಲ್ಲಿ ಇಳಿದು ನಮ್ಮ ಮನೆಗೆ ಬಂದಳು. ನಡುವೆ ಎಲ್ಲೂ ಇಳಿಯಬೇಡ ಎಂದು, ಮೊದಲೇ ಧಾರವಾಡಕ್ಕೆ ಹೋಗಿದ್ದ ಅವಳ ಗುರುಗಳು ಹೇಳಿದ್ದರಂತೆ.

ಅವಳ ಡಬ್ಬಿಯಲ್ಲಿ ಮೂರು ಗಾಜಿನ ಚೂರು. ಒಂದೊಂದರ ಮೇಲೂ ಇರುವೆಯ ಕಾಲಿನಷ್ಟು ಕೆಂಪು ಹರಳು, ತುದಿಗೆ ಕೂದಲೆಳೆಯಂಥ ತಂತಿ. ಬೆಳೆಸಲು ನಾಲ್ಕು ತಿಂಗಳು ಹಿಡಿದಿತ್ತು. ಲೋಹವಲ್ಲ, ಬಟ್ಟೆಗೆ ಹಾಕುವ ಬಣ್ಣದ ಜಾತಿಯದು. ಆದರೂ ಅದರ ಮೈಮೇಲೆ ಕರೆಂಟು ಹರಿಯುತ್ತದೆ, ಸ್ವಿಚ್ಚಿನ ಹಾಗೆ ಬಿಡಬಹುದು, ತಡೆಯಬಹುದು ಎಂದಳು. ಎಷ್ಟು ಹರಿಯುತ್ತದೆಂದು ಧಾರವಾಡದ ಮಷೀನಿನಲ್ಲಿ ಅಳೆಯಬೇಕಿತ್ತು.

ಉಂಡು ಹೊರಟವಳನ್ನು ಅಮವಾಸ್ಯೆ ದಿನ ಹೋಗಬಾರದೆಂದು ತಡೆದೆ. ಬಂದದ್ದೂ ಅಮವಾಸ್ಯೆಯಲ್ಲೇ ಎಂದಳು. ಬರುವುದು ಬೇರೆ, ಹೋಗುವುದು ಬೇರೆ ಎಂದೆ.

ಅಮವಾಸ್ಯೆಗೆ ನಮ್ಮಲ್ಲಿ ದುಡಿಯುವ ವಸ್ತುವಿಗೆಲ್ಲ ಪೂಜೆ. ಹಿಟ್ಟಿನ ಗಿರಣಿಗೆ, ಮೋಟರ್‌ಸೈಕಲ್ಲಿಗೆ, ಹೊಲಿಗೆ ಮಷೀನಿಗೆ ವಿಭೂತಿ ಎಳೆದೆ. ಅವಳು ಹಿತ್ತಲಲ್ಲಿ ಫೋನಿನಲ್ಲಿದ್ದಳು. ಕರೆಂಟಿನ ವಸ್ತು, ಅದೊಂದನ್ನೇ ಯಾಕೆ ಬಿಡಲಿ ಎಂದು ಡಬ್ಬಿ ತೆರೆದು ಮೂರಕ್ಕೂ ಹಚ್ಚಿದೆ, ಕುಂಕುಮ ಇಟ್ಟೆ, ಹೆಚ್ಚಾದದ್ದನ್ನು ಊದಿದೆ.

ಒಳಗೆ ಬಂದವಳು ನೋಡಿ ನೆಲಕ್ಕೆ ಕುಂತಳು.

"ಆಯಿ, ಇವು ಸತ್ತುವು."

"ಗಿರಣಿಗೂ ಹಚ್ಚೇನಿ. ಅದೇನ ಸತ್ತಿಲ್ಲಲ್ಲ."

ಆಮೇಲೆ ತಿಳಿಸಿ ಹೇಳಿದಳು. ಹರಳಿನ ಮೈಮೇಲೆ ಕಣಗಳು ಸಾಲು ಹಿಡಿದು ನಿಂತಿರುತ್ತವೆ, ಕರೆಂಟನ್ನು ಒಂದು ಇನ್ನೊಂದಕ್ಕೆ ದಾಟಿಸುತ್ತವೆ. ಇದು ನನಗೆ ಗೊತ್ತಿದ್ದ ಕೆಲಸ. ಕೆರೆಯ ಹೂಳೆತ್ತುವಾಗ ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದೆವು. ಒಬ್ಬಳು ತಂಬಾಕು ತಿಕ್ಕುತ್ತ ಕುಂತರೆ ಮುಗಿಯಿತು, ಬುಟ್ಟಿ ಅಲ್ಲೇ ಬೀಳುತ್ತಿತ್ತು.

"ಹಂಗಾರ ನಾ ಎಷ್ಟ ಮಂದೀನ ಕುಂಡ್ರಿಸಿದೆ?"

"ಬೂದಿ ಬಿದ್ದಲ್ಲೆಲ್ಲಾ ಒಬ್ಬಾಕಿ ಕುಂತಾಳ, ಆಯಿ."

ಸೋಪಿನ ಪುಡಿ ಹಾಕಿ ತೊಳೆಯೋಣವೇ ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಡಬ್ಬಿ ಕೆಳಗಿಟ್ಟೆ.

ನಡುವೆ ಇಳಿದದ್ದು ತಿಳಿದರೆ ಇವಳಿಗೆ ಜವಾಬ್ದಾರಿಯಿಲ್ಲ ಎಂದು ಗುರುಗಳು ಮಷೀನಿನ ಸರದಿಯನ್ನು ಬೇರೆಯವರಿಗೆ ಕೊಡುತ್ತಾರೆ, ಬಸ್ಸಿನಲ್ಲಿ ಕೈಜಾರಿ ಬಿತ್ತು ಎಂದು ಹೇಳುತ್ತೇನೆ ಎಂದಳು. ಮಾಡದ ತಪ್ಪನ್ನು ಹೊರಲು ಹೊರಟ ಹುಚ್ಚಿ.

"ಸುಳ್ಳ ಯಾಕ ಹೇಳ್ತಿ? ನಾನ ಬರತೇನಿ ತಗೋ."

ಮರುದಿನ ಬೆಳಿಗ್ಗೆ ಅವಳ ಜೊತೆ ಧಾರವಾಡದ ಮೊದಲ ಬಸ್ಸು ಹತ್ತಿದೆ. ಅಲ್ಲಿ ಕಾಯುತ್ತಿದ್ದ ಗುರುಗಳ ಮುಂದೆ ಡಬ್ಬಿ ಇಟ್ಟು, ಹಚ್ಚಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದೆ. ಹೊಸ ಹರಳು ಬೆಳೆಸಲಿ, ಸರದಿ ಇವಳದೇ ಎಂಬ ಮಾತು ಅವರ ಬಾಯಿಂದ ಬರುವವರೆಗೆ ಅಲ್ಲಿಂದ ಕದಲಲಿಲ್ಲ.