ತಗ್ಗು ಪ್ರದೇಶದ ಹಪ್ಪಳದಮ್ಮ

ಹಪ್ಪಳದ ಹಿಟ್ಟು ಕುಟ್ಟಿ ಕುಟ್ಟಿ ಅವರ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ರವಿಕೆಯ ಬಲಗೈ ಹೊಲಿಗೆ ಯಾವಾಗಲೂ ಬಿಚ್ಚಿಕೊಂಡೇ ಇರುತ್ತಿತ್ತು. ಕೃಷ್ಣಮೂರ್ತಿಪುರಂನ ನಮ್ಮ ವಠಾರದಲ್ಲಿ ಎಲ್ಲರಿಗೂ ಅವರು ಹಪ್ಪಳದಮ್ಮ. ಗಂಡ ಹೋದಮೇಲೆ ಹಪ್ಪಳ ಮಾರಿಯೇ ಬದುಕಿದವರು. ಮೋಡ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದರೂ ರೇಡಿಯೋ ಇದ್ದದ್ದು ವಠಾರದ ಮಾಲೀಕರ ಮನೆಯಲ್ಲಿ ಮಾತ್ರ. ಹಪ್ಪಳದಮ್ಮ ದಿನಾ ಅವರ ಜಗಲಿಯಲ್ಲಿ ಕೂತು ಹವಾಮಾನ ವರದಿ ಕೇಳುವರು, ಕೇಳಿ ಬೈಯುವರು. ಅಲ್ಲಲ್ಲಿ ಮಳೆಯಾಗುವ ಸಂಭವ ಎಂದರೆ ಸಾಕು, ಅಲ್ಲಲ್ಲಿ ಅಂದರೆ ಎಲ್ಲಿ, ನನ್ನ ಹಪ್ಪಳದ ಮೇಲೋ ನಿಮ್ಮಪ್ಪನ ತಲೆ ಮೇಲೋ ಎಂದು ಆ ಪೆಟ್ಟಿಗೆಯನ್ನೇ ಕೇಳುತ್ತಿದ್ದರು. ನಮಗೆಲ್ಲ ನಗು.

ಆ ವರ್ಷ ಮಾಲೀಕರು ಕಾರು ಶೆಡ್ಡಿಗೆಂದು ಹಿತ್ತಲ ಮೋರಿಗೆ ಅಡ್ಡವಾಗಿ ಗೋಡೆ ಎಬ್ಬಿಸಿದರು. ವಠಾರ ರಸ್ತೆಗಿಂತ ತಗ್ಗಿನಲ್ಲಿತ್ತು; ನೀರು ಹೋಗಲು ಇದ್ದದ್ದು ಅದೊಂದೇ ದಾರಿ. ನಾನಾಗ ಹಸಿ ಬಾಣಂತಿ. ಒಂದು ಮಧ್ಯಾಹ್ನ ರೇಡಿಯೋದಲ್ಲಿ ಗುಡುಗು ಸಿಡಿಲಿನ ಭಾರಿ ಮಳೆ, ತಗ್ಗು ಪ್ರದೇಶದವರು ಎಚ್ಚರದಿಂದಿರಬೇಕು ಎಂದು ಬಂತು. ಗೋಡೆಯಲ್ಲೊಂದು ಕಂಡಿ ಬಿಡಿಸಿ ಎಂದು ಹಪ್ಪಳದಮ್ಮ ಕೇಳಿಕೊಂಡರು. ತಗ್ಗು ಪ್ರದೇಶದವರು ಅಂದರೆ ಕೆರೆ ಪಕ್ಕದವರು, ಇದು ಕೃಷ್ಣಮೂರ್ತಿಪುರಂ ಎಂದು ಮಾಲೀಕರು ಮೀಸೆಯಲ್ಲೇ ನಕ್ಕರು.

"ನೀರಿಗೆ ಬೋರ್ಡು ಓದಕ್ಕೆ ಬರಲ್ಲ ಕಣ್ರೀ," ಎಂದರು ಹಪ್ಪಳದಮ್ಮ.

ಸಂಜೆ ಆಕಾಶವೇ ಹರಿದುಬಿತ್ತು. ಕೂಸನ್ನು ಎದೆಗವಚಿಕೊಂಡು ಮಂಚದ ಮೇಲೆ ನಿಂತೆ. ನೀರು ಮಂಚದ ಹಲಗೆ ಮುಟ್ಟಿತು. ನನ್ನ ಯಜಮಾನರು, ಮಾಲೀಕರನ್ನು ಒಂದು ಮಾತು ಕೇಳಿ ಬರುತ್ತೇನೆಂದು ಕೊಡೆ ಹುಡುಕುತ್ತಿದ್ದರು. ಕೊಡೆಯಂತೆ! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಹಪ್ಪಳದಮ್ಮ ಯಾರನ್ನೂ ಕೇಳಲಿಲ್ಲ. ಹಾರೆ ತಂದು ಗೋಡೆಗೆ ಹಾಕಿದರು. ಗುಡುಗಿನ ನಡುವೆಯೂ ಅವರ ಬೈಗುಳ ನನಗೆ ಕೇಳಿಸುತ್ತಿತ್ತು. ಗೋಡೆಯಲ್ಲಿ ಕಂಡಿ ಬಿದ್ದು, ನೀರು ನುಗ್ಗಿಕೊಂಡು ಹೊರಗೆ ಹೋಯಿತು.

ಮಾರನೆಯ ದಿನವೇ ಮಾಲೀಕರು ಅವರಿಗೆ ಮನೆ ಖಾಲಿ ಮಾಡಲು ಹೇಳಿದರು. ವಠಾರದ ಗಂಡಸರೆಲ್ಲ, ನನ್ನ ಯಜಮಾನರೂ ಸೇರಿ, ನೆಲ ನೋಡುತ್ತ ನಿಂತರು. ಅವರ ಹೆಂಡಿರು ಮಕ್ಕಳು ಉಳಿದದ್ದು ಯಾರಿಂದ? ನನ್ನನ್ನು ಬಾಣಂತಿ ಎಂದು ಹೊಸಿಲು ದಾಟಲು ಬಿಡಲಿಲ್ಲ. ಹಪ್ಪಳದಮ್ಮನೇ ಕಿಟಕಿಗೆ ಬಂದರು.

"ತಲೆಗೆ ಬಟ್ಟೆ ಕಟ್ಕೊ, ಶೀತ ಆಯ್ತದೆ. ನಾನು ಎಲ್ಲಾರ ಬದುಕ್ಕೋತೀನಿ ಬುಡು," ಎಂದು ಹೇಳಿ ದಟ್ಟಗಳ್ಳಿಯ ತಮ್ಮನ ಮನೆಗೆ ಹೊರಟುಹೋದರು.

ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಆ ವಾರವೇ ಅವರಿದ್ದ ಮನೆ ನೋಡಲು ಹೊಸಬರು ಬಂದರು. ಹಪ್ಪಳದಮ್ಮ ಒಡೆದ ಕಂಡಿಯ ಅಂಚಿಗೆ ಮಾಲೀಕರು ಸಿಮೆಂಟು ಬಳಿಸಿ ಕಂಬಿ ಹಾಕಿಸಿಕೊಂಡಿದ್ದರು. ಇಲ್ಲಿ ನೀರು ನಿಲ್ಲುವುದಿಲ್ಲ, ನಾನೇ ಮುಂದಾಲೋಚನೆ ಮಾಡಿ ದಾರಿ ಬಿಡಿಸಿದ್ದೇನೆ ಎಂದು ತೋರಿಸುತ್ತಿದ್ದರು. ಕೂಸನ್ನು ಕಂಕುಳಿಗೆ ಏರಿಸಿಕೊಂಡು ಅಂಗಳಕ್ಕೆ ಇಳಿದೆ. ಯಜಮಾನರು ಸೆರಗು ಹಿಡಿದೆಳೆದರು.

"ಅದನ್ನ ಒಡೆದಿದ್ದು ಈ ಮನೇಲಿದ್ದ ಹಪ್ಪಳದಮ್ಮ. ಒಡೆದಿದ್ದಕ್ಕೇ ಇವರು ಅವರನ್ನ ಓಡಿಸಿದ್ರು," ಎಂದೆ.

ಹೊಸಬರು ಆ ಮನೆಗೆ ಬರಲಿಲ್ಲ. ತಿಂಗಳು ತುಂಬುವ ಮೊದಲೇ ಮಾಲೀಕರು ನಮ್ಮನ್ನೂ ಮನೆ ಬಿಡಿಸಿದರು. ಸಾಮಾನಿನ ಗಾಡಿಯ ಹಿಂದೆ ನಡೆಯುತ್ತ ಯಜಮಾನರು ದಾರಿಯುದ್ದಕ್ಕೂ ನನ್ನನ್ನು ಬೈದರು. ಬೈಯಲಿ. ಆ ಮಾತು ಕೇಳಲು ಹಪ್ಪಳದಮ್ಮ ಇರಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ನನಗಿನ್ನೂ ಆರಿಲ್ಲ.