ಲಾರಿಗಳಿಗೆ ನಾನೆಳೆದ ಮೂರನೇ ಗೆರೆ

ನನ್ನ ಹಸಿರು ಸೀರೆಯೊಂದನ್ನು ಟಿಪ್ಪರ್ ಲಾರಿ ಹೊತ್ತುಕೊಂಡು ಹೋಯಿತು. ಬಂಗಾರಪೇಟೆಯಲ್ಲಿ ನಮ್ಮ ಮನೆ ಇರುವುದು ರೈಲ್ವೆ ಗೇಟಿನ ಕಡೆ ಹೋಗುವ ಬೀದಿಯಲ್ಲಿ. ಬಾಗಿಲು ತೆರೆದರೆ ಎರಡು ಮೆಟ್ಟಿಲು, ಮೆಟ್ಟಿಲಿಳಿದರೆ ರಸ್ತೆ. ಕಿಟಕಿಗೂ ರಸ್ತೆ ಬದಿಯ ಕಂಬಕ್ಕೂ ಕಟ್ಟಿದ ಹಗ್ಗದ ಮೇಲೆ ಸೀರೆ ಹರವಿ ಒಳಗೆ ಬಂದಿದ್ದೆ, ಅಷ್ಟೆ. ಜಲ್ಲಿ ತುಂಬಿದ ಲಾರಿಯ ಕನ್ನಡಿಗೆ ಹಗ್ಗ ಸಿಕ್ಕಿಕೊಂಡು ಸೀರೆ ಬಾವುಟದ ಹಾಗೆ ಗೇಟಿನವರೆಗೂ ಹೋಯಿತು. ಗೇಟು ಹಾಕಿತ್ತು, ಇಲ್ಲದಿದ್ದರೆ ಕೋಲಾರದವರೆಗೂ ಹೋಗುತ್ತಿತ್ತೋ ಏನೋ. ನಾನು ಏದುಸಿರು ಬಿಡುತ್ತಾ ತಲುಪಿದಾಗ ಚಾಲಕ ಸೀರೆಯನ್ನು ಮಡಿಚಿ ಕೈಗೆ ಕೊಟ್ಟ.

"ಅಕ್ಕಾ, ರೋಡ್ ಮ್ಯಾಲೆ ಒಣಾಕಿದ್ರೆ ನಾವೇನು ಮಾಡಾನ?"

"ನಾಳೆಯಿಂದ ನಮ್ಮನೆ ಒಳಗಿಂದ್ಲೇ ಓಗಪ್ಪ, ಅಡುಗೆಮನೆ ಬಾಗ್ಲು ತೆಗೆದಿಡ್ತೀನಿ" ಎಂದೆ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುವುದುಂಟು. ಇರಲಿ, ಮೂಗು ನನ್ನದು ತಾನೆ.

ಸೀರೆಯ ವಿಷಯ ಯಾಕೆ ಎತ್ತಿದೆನೆಂದರೆ, ಅದಾದ ಸ್ವಲ್ಪ ದಿನಕ್ಕೇ ಲಾರಿಗಳಿಗೆ ಬೇರೆ ದಾರಿ ಹುಡುಕುವ ಕೆಲಸ ನನ್ನ ಮೇಜಿಗೇ ಬಂತು. ನಾನು ರಸ್ತೆ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವಳು. ಅಳೆದು ತಂದದ್ದನ್ನು ಕಾಗದಕ್ಕೆ ಇಳಿಸುವುದು, ಇಂಜಿನಿಯರ್ ಹೇಳಿದ ಕಡೆ ಗೆರೆ ಎಳೆಯುವುದು ನನ್ನ ಕೆಲಸ. ಈಗ ಎಲ್ಲವೂ ಕಂಪ್ಯೂಟರಿಗೆ ಹೋಗುತ್ತದೆ, ಆದರೂ ಮೊದಲ ಗೆರೆಯನ್ನು ನಾನು ಪೆನ್ಸಿಲಿನಲ್ಲೇ ಎಳೆಯುತ್ತೇನೆ. ಹೊಸ ಹೆದ್ದಾರಿಯ ಕೆಲಸ ಶುರುವಾದಾಗಿನಿಂದ ಜಲ್ಲಿ, ಮಣ್ಣು, ಸಿಮೆಂಟು ಹೊತ್ತ ಲಾರಿಗಳೆಲ್ಲ ನಮ್ಮ ಬೀದಿಯಲ್ಲೇ ನುಗ್ಗುತ್ತಿದ್ದವು. ಮಗಳು ಶಾಲೆಗೆ ಹೋಗಲು ರಸ್ತೆ ದಾಟುವಾಗ ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. ಇಂಜಿನಿಯರ್ ಬೇರೆ ಜಿಲ್ಲೆಯಿಂದ ಬಂದವರು, ಮೆತ್ತಗಿನ ಮನುಷ್ಯ. ನಕ್ಷೆ ಹರಡಿ, "ನೋಡೀಮ್ಮಾ, ಪೇಟೆ ತಪ್ಪಿಸಿ ಒಂದು ದಾರಿ ಬೇಕು. ನೀವು ಇಲ್ಲಿಯವರು, ನಿಮಗೇ ಗೊತ್ತಿರುತ್ತೆ" ಎಂದರು. ಹಸಿದವಳ ಮುಂದೆ ಎಲೆ ಹಾಕಿದ ಹಾಗಾಯಿತು.

ಮೊದಲ ಗೆರೆಯನ್ನು ಕೆರೆ ಏರಿಯ ಮೇಲೆ ಎಳೆದೆ. ಹೋಗಿ ನೋಡಿದರೆ ಏರಿಯ ಕಲ್ಲುಗಳೇ ಸಡಿಲವಾಗಿ, ಎತ್ತಿನ ಗಾಡಿ ಹೋದರೂ ಮಣ್ಣು ಉದುರುತ್ತಿತ್ತು. ಎರಡನೆಯದು ರೈಲು ಹಳಿಯ ಕೆಳಗೆ ಹಾದುಹೋಗುವ ದಾರಿ. ಅಲ್ಲಿ ಖಾಲಿ ಲಾರಿಯೇನೋ ನುಸುಳುತ್ತದೆ, ಜಲ್ಲಿ ತುಂಬಿದ್ದು ತಲೆ ಬಡಿಸಿಕೊಳ್ಳುತ್ತದೆ. ಅತ್ತ ದರಿ, ಇತ್ತ ಪುಲಿ. ಮೂರನೆಯದು ಸ್ವಲ್ಪ ಸುತ್ತು: ಕೆಜಿಎಫ್‌ನ ಹಳೆಯ ಗಣಿ ರಸ್ತೆ ಹಿಡಿದು, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬದ ಪಕ್ಕದಿಂದ ನಂದಿದುರ್ಗ ಗಣಿಯ ಲೈನು ಮನೆಗಳ ಮುಂದೆ ಹಾದು ಆಚೆ ಹೆದ್ದಾರಿ ಕೆಲಸಕ್ಕೆ ಸೇರುವುದು. ಗಣಿ ನಡೆಯುತ್ತಿದ್ದಾಗ ಯಂತ್ರ ಸಾಗಿಸಲು ಮಾಡಿದ ಅಗಲ ರಸ್ತೆ. ಅಂಗಡಿಯಿಲ್ಲ, ಶಾಲೆಯಿಲ್ಲ, ಗೇಟಿಲ್ಲ. ನಮ್ಮ ನಕ್ಷೆಯಲ್ಲಿ ಆ ಜಾಗ ಬೆಳ್ಳಗಿತ್ತು. ಗಣಿಯವರಿಗೆ ಸೇರಿದ ನೆಲವೆಂದು ಯಾರೂ ಅಲ್ಲಿನ ಮನೆಗಳನ್ನು ಗುರುತಿಸಿರಲಿಲ್ಲ.

ಅಲ್ಲಿ ಮನೆಗಳಿವೆಯೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ನನ್ನ ಅತ್ತೆ ಇರುವುದೇ ಅಲ್ಲಿ, ಹಿರಿಯ ಮಗನ ಸಂಸಾರದ ಜೊತೆ. ಗಣಿ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆ ಅದು, ಎರಡು ಕೋಣೆ, ತಗ್ಗಿದ ಮಾಡು. ಮಾವ ಗಣಿಯಲ್ಲಿ ದುಡಿದು, ಗಣಿ ಮುಚ್ಚುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಅತ್ತೆಗೆ ಕೋಪ ಬಂದರೆ ತಮಿಳು, ಲೆಕ್ಕ ಹಾಕಿದರೆ ತೆಲುಗು, ನನ್ನ ಜೊತೆ ಕನ್ನಡ. ನಾನು ಮದುವೆಯಾಗಿ ಹೋದ ಹೊಸತರಲ್ಲಿ, ಹಲಗೆಯ ಮೇಲಿದ್ದ ಪಾತ್ರೆಗಳ ನಡುವೆ ಹಳೇ ಬಟ್ಟೆಯ ಚೂರುಗಳನ್ನು ಕಂಡು, ಇದೇನು ಕೊಳಕು ಎಂದು ಎಲ್ಲವನ್ನೂ ಕಿತ್ತು ಒಗೆದು, ಪಾತ್ರೆಗಳನ್ನು ಬರಿದೇ ಪೇರಿಸಿಟ್ಟಿದ್ದೆ. ಅತ್ತೆ ಒಂದೊಂದೇ ಇಳಿಸಿ ಮತ್ತೆ ಬಟ್ಟೆ ಇಟ್ಟರು.

"ಬ್ಲಾಸ್ಟು ಆದ್ರೆ ಎಲ್ಲಾ ಬಿದ್ದೋಗ್ತವೆ ಕಣಮ್ಮಾ" ಎಂದರು.

ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ತಾನಾಗಿಯೇ ಸಿಡಿಯುವುದಕ್ಕೆ ಅಲ್ಲಿಯವರು ಬ್ಲಾಸ್ಟು ಎನ್ನುತ್ತಾರೆ. ನೆಲ ನಡುಗಿದರೆ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ಹೊರಗೆ ಬಂದು, ಗಣಿ ಬಾವಿಯ ಮೇಲಿನ ಕಬ್ಬಿಣದ ಗೋಪುರದ ಕಡೆ ಮುಖ ಮಾಡಿ ನಿಲ್ಲಬೇಕು. ಗೋಪುರದ ತುದಿಯಲ್ಲಿರುವ ಚಕ್ರ ತಿರುಗಿದರೆ ಜನ ಮೇಲೆ ಬರುತ್ತಿದ್ದಾರೆ ಎಂದರ್ಥ. ಅದು ತಿರುಗುವವರೆಗೂ ಯಾರೂ ಒಳಗೆ ಹೋಗುವಂತಿಲ್ಲ, ಒಲೆಯ ಮೇಲೆ ಅನ್ನ ಸೀದುಹೋದರೂ ಸರಿಯೆ. ಅತ್ತೆ ಇದನ್ನು ಹೇಳುವಾಗ ಗಣಿ ಆಗಲೇ ಮುಚ್ಚಿತ್ತು. "ಇನ್ನೆಲ್ಲಿ ಬ್ಲಾಸ್ಟು ಅತ್ತೆ" ಎಂದು ನಕ್ಕಿದ್ದೆ. ಅವರು ಬಟ್ಟೆ ಮಾತ್ರ ತೆಗೆಯಲಿಲ್ಲ.

ಮೂರನೇ ಗೆರೆ ಎಳೆಯುವಾಗ ಅತ್ತೆ ನೆನಪಾಗಲಿಲ್ಲವೇ? ಆದರು. ಆದರೆ ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಅತ್ತೆ ತಿಂಗಳಿಗೊಮ್ಮೆ ಮಾರಿಕುಪ್ಪಂ ರೈಲು ಹಿಡಿದು ನಮ್ಮ ಮನೆಗೆ ಬಂದು ಎರಡು ದಿನ ಇರುತ್ತಿದ್ದರು. ಮಧ್ಯಾಹ್ನ ಊಟ ಮಾಡಿ ನಡುಮನೆಯ ನೆಲದ ಮೇಲೆ ಒಂದು ಅಂಗೈಯನ್ನು ತಣ್ಣಗಿನ ನೆಲಕ್ಕೊತ್ತಿ ಮಲಗಿದರೆ, ಬಾಗಿಲ ಮುಂದೆ ಲಾರಿ ಮೇಲೆ ಲಾರಿ ಹೋದರೂ ಗೊರಕೆ ನಿಲ್ಲುತ್ತಿರಲಿಲ್ಲ. ನನಗೋ ಒಂದು ಗಳಿಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಲಾರಿ ಸದ್ದು ಅವರಿಗೆ ತಾಗುವುದೇ ಇಲ್ಲ ಎಂದುಕೊಂಡೆ. ಯಂತ್ರಗಳ ಮಧ್ಯೆಯೇ ಬದುಕಿದವರಿಗೆ ಹಗಲು ಹೊತ್ತಿನ ನಾಲ್ಕು ಲಾರಿ ಯಾವ ಲೆಕ್ಕ? ಹಾಗೆಂದು ನನಗೆ ನಾನೇ ಹೇಳಿಕೊಂಡು, ಅಳತೆಪಟ್ಟಿ ಇಟ್ಟು, ಗೆರೆಯನ್ನು ಎರಡು ಸಲ ತಿದ್ದಿ ದಪ್ಪ ಮಾಡಿದೆ. ನನ್ನ ಕಣ್ಣ ಮುಂದೆ ಇದ್ದದ್ದು ಮಗಳು ರಸ್ತೆ ದಾಟುವುದು, ನನ್ನ ಹಗ್ಗ, ನನ್ನ ಸೀರೆ. ಅತ್ತೆಗೆ ಮೊದಲೇ ಒಂದು ಮಾತು ಹೇಳಬೇಕೆನಿಸಿತು. ಹೇಳಲಿಲ್ಲ.

ಪರೀಕ್ಷೆಗೆಂದು ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜಲ್ಲಿ ತುಂಬಿದ ನಾಲ್ಕು ಲಾರಿಗಳನ್ನು ಆ ದಾರಿಯಲ್ಲಿ ಓಡಿಸಿದೆವು. ತಿರುವಿನಲ್ಲಿ ಲಾರಿ ಸಲೀಸಾಗಿ ತಿರುಗುತ್ತದೆಯೇ, ಮೋರಿ ಭಾರ ತಡೆಯುತ್ತದೆಯೇ ಎಂದು ನೋಡಿ ಬರೆದುಕೊಳ್ಳಬೇಕಿತ್ತು. ನಾನು ಲೈನಿನ ತುದಿಯ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ನಿಂತಿದ್ದೆ. ಇಂಜಿನಿಯರ್ ಸ್ವಲ್ಪ ಆಚೆ ಇದ್ದರು. ಮೊದಲ ಲಾರಿ ಹೋಯಿತು. ಎರಡನೆಯದು ಹೋಗುವಾಗ ನನ್ನ ಚಪ್ಪಲಿಯ ಅಡಿಯಲ್ಲಿ ಏನೋ ಗುಂಯ್ ಎಂದಿತು. ಸದ್ದಲ್ಲ, ನಡುಕ. ಹಿಮ್ಮಡಿಯಿಂದ ಮೊಣಕಾಲಿಗೆ ಹತ್ತಿತು. ಎಷ್ಟೋ ವರ್ಷ ಆ ಊರಿಗೆ ಹೋಗಿ ಬಂದರೂ ಹಾಗೆ ನಾನು ಕಂಡಿರಲಿಲ್ಲ. ನೆಲದಡಿ ಎಲ್ಲ ಟೊಳ್ಳು ಎಂದು ಜನ ಹೇಳುತ್ತಿದ್ದದ್ದು ಬರೀ ಮಾತೆಂದುಕೊಂಡಿದ್ದೆ.

ಮೂರನೆಯ ಲಾರಿ ಬರುವಷ್ಟರಲ್ಲಿ ಸಾಲುಮನೆಗಳ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಎಲ್ಲರೂ ವಯಸ್ಸಾದವರು. ಒಬ್ಬರ ಕೈಯಲ್ಲಿ ಮುದ್ದೆಕೋಲು. ಒಬ್ಬರ ಕೈತುಂಬ ಸೋಪಿನ ನೊರೆ. ಇನ್ನೊಬ್ಬರು ಅರ್ಧ ಜಡೆ ಹಾಕಿಕೊಂಡು ಉಳಿದರ್ಧವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಯಾರೂ ಕೂಗಲಿಲ್ಲ, ಯಾರೂ ಲಾರಿಗಳ ಕಡೆ ನೋಡಲಿಲ್ಲ. ಲಾರಿಗೆ ಬೆನ್ನು ಹಾಕಿ, ದಿಬ್ಬದಾಚೆಯ ತುಕ್ಕು ಹಿಡಿದ ಗೋಪುರದ ಕಡೆ ತಿರುಗಿ ಸಾಲಾಗಿ ನಿಂತರು. ಸಾಲಿನಲ್ಲಿ ಮೂರನೆಯವರು ನನ್ನ ಅತ್ತೆ, ಒಂದು ಕೈಯಲ್ಲಿ ಅವರೆಕಾಯಿಯ ಮೊರ.

ಇಂಜಿನಿಯರ್ ಹೆದರಿಬಿಟ್ಟರು. ಧರಣಿ ಎಂದುಕೊಂಡರು ಪಾಪ. ಪೆನ್ನು ತೆಗೆದು ಹತ್ತಿರ ಹೋಗಿ, "ಏನಮ್ಮಾ, ನಿಮ್ಮ ಬೇಡಿಕೆ ಏನು ಹೇಳಿ, ಬರ್ಕೋತೀನಿ" ಎಂದರು. ಬೆನ್ನುಗಳ ಹತ್ತಿರ ಮಾತಾಡಿ ಇಂಗು ತಿಂದ ಮಂಗನಂತೆ ನನ್ನ ಕಡೆ ನೋಡಿದರು. ಆ ಹೆಂಗಸರು ಕಾಯುತ್ತಿರುವುದು ಏನನ್ನು ಎಂದು ಅಲ್ಲಿದ್ದ ನಮ್ಮ ಪೈಕಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ನಾಲ್ಕನೆಯ ಲಾರಿಯೂ ಹೋಯಿತು. ಧೂಳು ಕೂತಿತು. ಅವರು ನಿಂತೇ ಇದ್ದರು. ಕೊನೆಗೆ ಸೋಪಿನ ಕೈಯವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

"ಅದು ತಿರುಗಲ್ಲ ಕಣ್ರೇ, ನಡೀರಿ ಒಳಕ್ಕೆ. ಗಣಿ ಮುಚ್ಚಿ ಇಪ್ಪತ್ತು ವರ್ಸದ ಮೇಲಾಯ್ತು."

"ನೀನೇ ತಾನೆ ಮೊದ್ಲು ಓಡ್ಬಂದಿದ್ದು" ಎಂದರು ಜಡೆಯವರು.

"ನಾನು ಬಟ್ಟೆ ಇಂಡಕ್ಕೆ ಬಂದೆ."

"ಊಂ, ಬಟ್ಟೆ ಒಳಗೈತೆ, ನೀನು ಈಚೆ ಇದ್ದೀಯ."

ಒಬ್ಬರನ್ನೊಬ್ಬರು ಛೇಡಿಸುತ್ತಾ, ನಾಚಿಕೊಂಡು ಒಳಗೆ ಹೋದರು. ಅತ್ತೆ ತಿರುಗಿದಾಗ ನಾನು ಅವರ ಕಣ್ಣಿಗೆ ಬಿದ್ದೆ. ನನ್ನ ಮುಖ ನೋಡಿದರು, ಪುಸ್ತಕ ನೋಡಿದರು.

"ಈ ಲಾರಿ ನಿಂದಾ ಕಣ್ಣು?" ಮುದ್ದಿಗೆ ಅವರು ನನ್ನನ್ನು ಕರೆಯುವುದೇ ಕಣ್ಣು ಎಂದು.

"ಊಂ ಅತ್ತೆ."

"ಇನ್ಮೇಲೆ ದಿನಾ ಬತ್ತವಾ?"

"ಬೆಳಗಿಂದ ಸಾಯಂಕಾಲ ತಂಕ. ಅಭ್ಯಾಸ ಆಗುತ್ತೆ ಅತ್ತೆ. ನಮ್ಮನೇಲಿ ಲಾರಿ ಓದ್ರೆ ನಿಮಗೆ ಎಚ್ರಾನೇ ಆಗಲ್ವಲ್ಲ."

"ನಿಮ್ಮನೇಲಿ ಅದು ಕಿವಿಗೆ ಬತ್ತದೆ. ಇಲ್ಲಿ ಕಾಲಿಗೆ ಬತ್ತದೆ" ಎಂದರು ಅತ್ತೆ. ಮೊರದ ಅವರೆಕಾಯಿಯಲ್ಲಿ ಸುಮ್ಮನೆ ಕೈಯಾಡಿಸಿದರು. "ಈಚೆ ಬರೋದೇ ನಮಗೆ ಅಭ್ಯಾಸ ಕಣಮ್ಮಾ. ನಿಮ್ಮಾವ ದಿನಾ ಮೇಲೆ ಬಂದ್ರು, ಒಂದಿನಾನೂ ತಪ್ಪಿಸ್ಲಿಲ್ಲ. ಪಕ್ಕದ ಮನೆಯವ್ರು ಬರ್ಲಿಲ್ಲ. ಆವಾಗಾದ್ರೆ ಚಕ್ರ ತಿರುಗ್ತಿತ್ತು, ಒಳಗೋಗ್ತಿದ್ವಿ. ಈಗ ಏನ್ ನೋಡ್ಕಂಡು ಒಳಗೋಗಾದು?"

ಅವರು ಬೇಡವೆನ್ನಲಿಲ್ಲ, ಅಳಲಿಲ್ಲ. ಊಟ ಮಾಡಿಕೊಂಡು ಹೋಗು ಎಂದರು. ಕೆಲಸವಿದೆ ಎಂದು ಸುಳ್ಳು ಹೇಳಿ ಬಂದುಬಿಟ್ಟೆ. ಅಂದು ನನಗಾದ ನಾಚಿಕೆಯನ್ನು ಇವತ್ತಿಗೂ ಯಾರಿಗೂ ಪೂರ್ತಿ ಹೇಳಿಲ್ಲ.

ಕಚೇರಿಯ ವರದಿಯಲ್ಲಿ ರಸ್ತೆಯ ಅಗಲಕ್ಕೆ ಜಾಗವಿದೆ, ಮೋರಿಗೆ, ತಿರುವಿಗೆ, ಮರಗಳಿಗೆ ಜಾಗವಿದೆ. ಇದಕ್ಕೆ ಇರಲಿಲ್ಲ. ಕೊನೆಯಲ್ಲಿ 'ಇತರೆ' ಎಂದಿದ್ದ ಒಂದೇ ಸಾಲಿನಲ್ಲಿ, ನೆಲ ಕಂಪಿಸುತ್ತದೆ, ಲಾರಿ ಹೋದಾಗಲೆಲ್ಲ ನಿವಾಸಿಗಳು ಗಣಿಯಲ್ಲಿ ಅನಾಹುತವಾಯಿತೆಂದು ಮನೆಯಿಂದ ಹೊರಬಂದು ನಿಲ್ಲುತ್ತಾರೆ ಎಂದು ಬರೆದೆ. ಅಕ್ಷರ ಸಣ್ಣದಾಗಿ, ಅಂಚಿನವರೆಗೂ ಹೋಯಿತು. ಇಂಜಿನಿಯರ್ ಅದನ್ನು ಎರಡು ಸಲ ಓದಿದರು.

"ಗಣಿ ಮುಚ್ಚಿದೆಯಲ್ಲಮ್ಮಾ?"

"ಅವರಿಗೂ ಗೊತ್ತು ಸಾರ್."

ಅವರು ನಕ್ಷೆಯನ್ನು ಮತ್ತೆ ಹರಡಿದರು. ಆಮೇಲೆ, "ಹಾಗಾದರೆ ಲಾರಿ ಎಲ್ಲಿ ಬಿಡೋಣ?" ಎಂದು ಕೇಳಿದರು. ಪೇಟೆ ಬೀದಿಯಲ್ಲೇ ಇರಲಿ, ಶಾಲೆ ಶುರುವಾಗುವ ಹೊತ್ತು, ಬಿಡುವ ಹೊತ್ತು ಊರಾಚೆಯ ಬಯಲಲ್ಲಿ ಲಾರಿಗಳನ್ನು ನಿಲ್ಲಿಸಲಿ, ವೇಗ ತಗ್ಗಿಸಲು ಗೇಟಿನ ಹತ್ತಿರ ರಸ್ತೆಗೆ ಎರಡು ಉಬ್ಬು ಹಾಕಲಿ ಎಂದೆ. "ನಿಮ್ಮ ಮನೆ ಅದೇ ಬೀದಿಯಲ್ಲಲ್ಲವೇ?" ಎಂದರು. ಹೌದು ಎಂದೆ. ಮೂರನೇ ಗೆರೆಯನ್ನು ನಾನೇ ರಬ್ಬರಿನಿಂದ ಅಳಿಸಿದೆ. ಅಷ್ಟು ಒತ್ತಿ ಎಳೆದಿದ್ದೆನಲ್ಲ, ಕಾಗದದಲ್ಲಿ ಗೀರು ಹಾಗೇ ಉಳಿಯಿತು.

ಗಂಡ ದಿನಾ ರೈಲಿನಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬರುವವನು. ಸಾಯಂಕಾಲ ವಿಷಯ ಕೇಳಿ ಕೈಕಾಲು ತೊಳೆಯುವ ಮುಂಚೆಯೇ ಶುರುಮಾಡಿದ.

"ಬೀದೀಲಿ ಓಗೋ ಮಾರೀನ ಮನೆಗೆ ಕರ್ಕಂಡ್ ಬಂದಂಗಾಯ್ತು. ದಿನಾ ಬೈತಿದ್ದೋಳು ನೀನೇ, ಈಗ ಬಾ ಅಂದೋಳೂ ನೀನೇ."

ಲೈನಿನಲ್ಲಿ ನಡೆದದ್ದನ್ನು ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತ. ಚಿಕ್ಕವನಿದ್ದಾಗ ತಾನೂ ಅಮ್ಮನ ಸೀರೆ ಹಿಡಿದು ಹಾಗೆ ನಿಂತಿರುತ್ತಿದ್ದೆ, ಅಮ್ಮನ ಕೈ ತನ್ನ ತಲೆಯ ಮೇಲೆ ಇರುತ್ತಿತ್ತು, ಚಕ್ರ ತಿರುಗಿದರೆ ಆ ಕೈ ಸಡಿಲವಾಗುತ್ತಿತ್ತು ಎಂದ. ಚಕ್ರವನ್ನು ತಾನು ನೋಡುತ್ತಲೇ ಇರಲಿಲ್ಲವಂತೆ. ಮರುದಿನ ಭಾನುವಾರ ನನ್ನ ಹಗ್ಗವನ್ನು ಬಿಚ್ಚಿ ಮಾಡಿಯ ಮೇಲೆ ಕಟ್ಟಿಕೊಟ್ಟ.

ಮುಂದಿನ ತಿಂಗಳು ಅತ್ತೆ ಎಂದಿನಂತೆ ಬಂದರು, ಚೀಲದ ತುಂಬ ಅವರೆಕಾಯಿ. ಲಾರಿ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀದಿಯಲ್ಲಿ ಲಾರಿಗಳು ಉಬ್ಬು ಹತ್ತಿ ಇಳಿಯುವ ಸದ್ದು ಈಗ ಮೊದಲಿಗಿಂತ ಒಂದು ಪಾಲು ಜಾಸ್ತಿ. ಊಟ ಮಾಡಿ ಅತ್ತೆ ನಡುಮನೆಯಲ್ಲಿ ಮಲಗಿದರು. ಒಂದು ಅಂಗೈಯನ್ನು ನೆಲಕ್ಕೆ ಒತ್ತಿಕೊಂಡರು, ಮೂರು ಲಾರಿ ಹೋಗುವವರೆಗೂ ಕಣ್ಣು ತೆರೆದೇ ಇದ್ದರು. ಆಮೇಲೆ ಗೊರಕೆ ಶುರುವಾಯಿತು.

ಅವರ ಪಕ್ಕದಲ್ಲಿ ಕೂತು ನಾನೂ ನೆಲದ ಮೇಲೆ ಅಂಗೈ ಇಟ್ಟೆ. ಲಾರಿಯೊಂದು ಹೋಯಿತು. ಕಿಟಕಿ ಅದುರಿತು, ನೆಲ ಅಲುಗಲಿಲ್ಲ. ಅವರು ಹಾಗೆ ಕೈಯಿಟ್ಟು ಮಲಗುವುದು ತಂಪಿಗೆಂದು ಹದಿನೆಂಟು ವರ್ಷ ಅಂದುಕೊಂಡಿದ್ದೆ.