ಬೆಲ್ಟ್ ಬಿಚ್ಚಿಟ್ಟ ಮಾಸ್ಟರ್

ಅವರ ಬಲಗೈಯ ಮೊದಲ ಎರಡು ಗೆಣ್ಣುಗಳು ಚಪ್ಪಟೆಯಾಗಿ ಒಂದಕ್ಕೊಂದು ಕೂಡಿಕೊಂಡಂತಿದ್ದವು. ಮೇಲಿನ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು. ಹಗ್ಗ ಸುತ್ತಿದ ಹಲಗೆಗೆ ಇಪ್ಪತ್ತು ವರ್ಷ, ದಿನಕ್ಕೆ ನೂರಾರು ಸಲ ಗುದ್ದಿದ ಕೈ ಅದು. ಮುಷ್ಟಿ ಕಟ್ಟಿದರೆ ಕಲ್ಲು. ಆದರೆ ಮೇಜಿನ ಮೇಲೆ ಬಿದ್ದ ಒಂದು ಸೂಜಿಯನ್ನು ಎತ್ತಿಕೊಳ್ಳಲು ಆ ಕೈಗೆ ಆಗುತ್ತಿರಲಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕುವ ಮನುಷ್ಯನಿಗೆ ಇದು ಸಣ್ಣ ತೊಂದರೆಯಲ್ಲ. ಸೂಜಿ, ಸ್ಕ್ರೂ, ಸ್ಪ್ರಿಂಗು ಎಲ್ಲವನ್ನೂ ಅವರು ಎಡಗೈಯಲ್ಲೇ ಹಿಡಿಯುತ್ತಿದ್ದರು.

ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ, ಅದಕ್ಕೆ ಅಂಟಿಕೊಂಡಂತೆ ಒಂದೇ ಕೋಣೆಯ ಮನೆ, ಮೇಲೆ ತಾರಸಿ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ದುಬೈ ಸೇರಿದ್ದಳು. ಭಾನುವಾರ ಬೆಳಿಗ್ಗೆ ಕುಕ್ ಟೌನಿನ ಒಂದು ಹಾಲ್‌ನಲ್ಲಿ ಅವರು ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದರು.

ನಾನು ತೊಂಬತ್ತರ ದಶಕದ ನಡುವೆ ಹಾವೇರಿಯಿಂದ ವರ್ಗವಾಗಿ ಬಂದವಳು. ಇಂದಿರಾನಗರದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಕುಕ್ ಟೌನಿನ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿ ವಾಸ. ವಾರದ ಆರು ದಿನ ಹೇಗೋ ಕಳೆಯುತ್ತಿದ್ದವು. ಭಾನುವಾರ ಮಾತ್ರ ಮುಗಿಯುತ್ತಿರಲಿಲ್ಲ. ಶನಿವಾರ ಕಚೇರಿಯಿಂದ ಹೊರಟರೆ ಸೋಮವಾರದವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಊರಿನಲ್ಲಿದ್ದಾಗ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದಿದ್ದೆ. ಟ್ರಂಕಿನ ತಳದಲ್ಲಿದ್ದ ಅದನ್ನು ಸೊಂಟಕ್ಕೆ ಬಿಗಿದುಕೊಂಡು ಒಂದು ಭಾನುವಾರ ಆ ಹಾಲ್‌ಗೆ ಹೋದೆ.

ಅಂದು ಮಕ್ಕಳೆಲ್ಲ ಹೋದ ಮೇಲೂ ನಾನು ಬಾಗಿಲ ಬಳಿಯೇ ನಿಂತಿದ್ದೆ. ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. ಮಾಸ್ಟರ್ ತಮ್ಮ ಬೆಲ್ಟು ಬಿಚ್ಚಿ, ಮಡಿಚಿ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಆಮೇಲೆ ಖಾಲಿ ಹಾಲ್‌ನ ನಡುವೆ ನಿಂತು ನಿಧಾನವಾಗಿ ಕೈಯೆತ್ತಿದರು. ಒಂದು ಹೆಜ್ಜೆ ಇಡಲು ಇಷ್ಟು ಹೊತ್ತು ಹಿಡಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಅದು ತೈ ಚಿ. ಗೆಣ್ಣು ಕೆಟ್ಟ ಮೇಲೆ, ಹಲ್ಲು ತೋರಿಸಲು ಹೋದಾಗ ಪರಿಚಯವಾದ ಚೀನೀ ದಂತವೈದ್ಯರೊಬ್ಬರಿಂದ ಅವರು ಕಲಿತ ವಿದ್ಯೆ. ಇಪ್ಪತ್ತು ನಿಮಿಷವಾದ ಮೇಲೆ ನನ್ನ ಕಡೆ ತಿರುಗಿ ನೋಡಿದರು.

"ಇನ್ನೂ ಇದೀಯೇನಮ್ಮಾ? ಬಾ ಇಲ್ಲಿ. ನನ್ನ ಮಣಿಕಟ್ಟಿನ ಮೇಲೆ ನಿನ್ನ ಮಣಿಕಟ್ಟು ಇಡು. ನಾನು ಎಲ್ಲಿಗೆ ಹೋದ್ರೆ ಅಲ್ಲಿಗೆ ಬಾ. ತಳ್ಳಬೇಡ, ಬಿಡಬೇಡ. ಅಷ್ಟೇ."

ಅಷ್ಟೇ ಎಂದುಕೊಂಡೆ. ಎರಡು ನಿಮಿಷದಲ್ಲಿ ನನ್ನ ತೋಳು ನಡುಗತೊಡಗಿತು. ಅವರು ಒಳಗೆ ಎಳೆದುಕೊಂಡರೆ ನಾನು ಮುಗ್ಗರಿಸುತ್ತಿದ್ದೆ. ಮುಂದೆ ಬಂದರೆ ನನಗೆ ಗೊತ್ತಿಲ್ಲದೆಯೇ ಮುಷ್ಟಿ ಬಿಗಿಯುತ್ತಿತ್ತು.

"ನಾ ಏನ್ ತಪ್ಪ್ ಮಾಡಾಕತ್ತೀನ್ರಿ ಮಾಸ್ಟರ್?"

"ನಕ್ಕೊ ನಕ್ಕೊ," ಎಂದು ದಖನಿ ಉರ್ದುವಿನಲ್ಲಿ ಬೇಡವೆಂದು ತಲೆಯಾಡಿಸಿದರು. "ತಪ್ಪೇನಿಲ್ಲ. ನಿನಗೆ ಹೊಡೆಯೋಕೆ ಬರುತ್ತೆ. ಪಕ್ಕದಲ್ಲಿ ಇರೋಕೆ ಬರಲ್ಲ. ನನಗೂ ಬರ್ತಿರಲಿಲ್ಲ."

ಮೂರು ತಿಂಗಳು ಅವರು ನನಗೆ ಬೇರೇನೂ ಕಲಿಸಲಿಲ್ಲ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಇಳಿಸುವುದು, ಮತ್ತೆ ಮಣಿಕಟ್ಟಿಗೆ ಮಣಿಕಟ್ಟು. ಹತ್ತು ವರ್ಷ ಉಸಿರು ಬಿಗಿಹಿಡಿದು ಕಲಿತದ್ದನ್ನು ಬಿಡುವುದು ಕಲಿಯುವುದಕ್ಕಿಂತ ಕಷ್ಟವಾಗಿತ್ತು. ಮನೆಗೆ ಬಂದು ಅತ್ತದ್ದೂ ಉಂಟು. ಆದರೂ ಮುಂದಿನ ಭಾನುವಾರ ಹೋಗುತ್ತಿದ್ದೆ. ವಾರಕ್ಕೊಮ್ಮೆ ಒಬ್ಬರು ನನ್ನ ಕೈಯ ಬಿಗಿಯನ್ನು ಗಮನಿಸಿ, ಇವತ್ತು ಊಟ ಮಾಡಿಲ್ಲವಾ, ನಿದ್ದೆ ಬರಲಿಲ್ಲವಾ ಎಂದು ಕೇಳುತ್ತಿದ್ದರು. ಆ ಊರಿನಲ್ಲಿ ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

ಎರಡು ವರ್ಷವಾದ ಮೇಲೆ ಬ್ಲ್ಯಾಕ್ ಬೆಲ್ಟಿನ ಎರಡನೆಯ ದರ್ಜೆಯ ಪರೀಕ್ಷೆಗೆ ಕುಳಿತೆ. ಕರಾಟೆ ಸಂಘದಿಂದ ಇಬ್ಬರು ಪರೀಕ್ಷಕರು ಬಂದಿದ್ದರು. ಮೂರನೆಯವರು ಮಾಸ್ಟರ್. ಕೊನೆಗೆ ಎರಡು ನಿಮಿಷದ ಕಾಳಗ. ನನ್ನ ಎದುರಾಳಿ ಬೇರೆ ಕ್ಲಾಸಿನ ಹುಡುಗಿ, ನನಗಿಂತ ಗಟ್ಟಿಗಿತ್ತಿ. ಅವಳು ಗುದ್ದಲು ಬಂದಾಗ ನನ್ನ ಕೈ ತಾನಾಗಿಯೇ ಅವಳ ಮಣಿಕಟ್ಟಿಗೆ ತಾಗಿತು. ನಾನು ಸ್ವಲ್ಪ ತಿರುಗಿದೆ, ಅವಳು ನನ್ನನ್ನು ದಾಟಿ ಗೋಡೆಯ ಕಡೆ ಹೋದಳು. ಮತ್ತೆ ಬಂದಳು, ಮತ್ತೆ ಹಾಗೆಯೇ ಆಯಿತು. ನಾಲ್ಕನೆಯ ಸಲ ಏದುಸಿರು ಬಿಡುತ್ತಾ ನಕ್ಕುಬಿಟ್ಟಳು. "ಅಕ್ಕಾ, ನೀವೂ ಹೊಡೀರಿ!" ಎಂದಳು.

ನಾನು ಹೊಡೆಯಲಿಲ್ಲ. ಹೊಡೆಯಬೇಕೆಂದು ಅನ್ನಿಸಲೂ ಇಲ್ಲ. ಆ ಎರಡು ನಿಮಿಷ ನನ್ನ ಮೈಯಲ್ಲಿ ಹೆದರಿಕೆಯೇ ಇರಲಿಲ್ಲ. ಅಂಥದ್ದು ನನಗೆ ಅದೇ ಮೊದಲು.

"ಒಂದೂ ಪಾಯಿಂಟ್ ಇಲ್ಲ," ಎಂದರು ಮುಖ್ಯ ಪರೀಕ್ಷಕರು. "ಇದೇನು ಫೈಟಾ, ಡ್ಯಾನ್ಸಾ?"

ಸುತ್ತಲಿದ್ದ ಪೋಷಕರು ನಕ್ಕರು. ಫಲಿತಾಂಶದ ಹಾಳೆ ಇಬ್ಬರ ಕೈ ದಾಟಿ ಮಾಸ್ಟರ್ ಮುಂದೆ ಬಂತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ತಲೆ ಎತ್ತಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಫೇಲ್ ಎಂದು ಬರೆದಿದ್ದ ಸಾಲಿನ ಕೆಳಗೆ ಸಹಿ ಹಾಕಿದರು.

ನಾನು ಹೋಗುವುದನ್ನು ನಿಲ್ಲಿಸಿದೆ. ಎಂಟು ತಿಂಗಳು ಆ ಬೀದಿಯಲ್ಲೇ ನಡೆಯಲಿಲ್ಲ. ಪೋಷಕರ ನಗು ಮರೆತುಹೋಯಿತು, ಮಾಸ್ಟರ್ ಸಹಿ ಮರೆಯಲಿಲ್ಲ. ಭಾನುವಾರಗಳು ಮತ್ತೆ ಮೊದಲಿನಂತೆ ಉದ್ದವಾದವು.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ಬೆಲ್ಲು ಕೇಳಿಸಿತು. ನೋಡಿದರೆ ಮಾಸ್ಟರ್. ಒಳಗೆ ಬನ್ನಿ ಎಂದರೂ ಬರಲಿಲ್ಲ. ಗೇಟಿನ ಆಚೆಯೇ ಸೈಕಲ್ ಹಿಡಿದು ನಿಂತರು.

"ಅವತ್ತು ನಾನು ಹೆದರ್ಕೊಂಡೆ ಅಮ್ಮ," ಎಂದರು. "ನೀನು ಮಾಡಿದ್ದು ಸರಿ ಅಂತ ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕಲಿಸಿದವನೂ ನಾನೇ. ಬಾಯಿ ಬಿಡ್ಲಿಲ್ಲ."

"ಯಾಕ್ರೀ ಮಾಸ್ಟರ್?"

"ಜಗಳ ಆಡಿದ್ರೆ ಸಂಘದವರು ಕ್ಲಾಸ್ ಕಿತ್ಕೋತಿದ್ರು. ಮಕ್ಕಳು ಹೋಗ್ಬಿಡ್ತಿದ್ರು. ಮನೇಲಿ ನನಗೆ ಯಾರಿದಾರೆ ಹೇಳು? ವಾರಕ್ಕೊಂದು ದಿನ ಆ ಮಕ್ಕಳ ಗಲಾಟೆನೇ ನನಗೆ ಸಂಸಾರ."

ಅವರು ಸೈಕಲಿನ ಹ್ಯಾಂಡಲ್ ನೋಡುತ್ತಾ ಮಾತು ಮುಂದುವರಿಸಿದರು.

"ಹೋದ ವಾರ ನನ್ನ ಬೆಲ್ಟು, ಸರ್ಟಿಫಿಕೇಟು ಎಲ್ಲಾ ಸಂಘಕ್ಕೆ ವಾಪಸ್ ಕೊಟ್ಬಿಟ್ಟೆ. ಆ ಸಹಿ ತಪ್ಪು ಅಂತ ಬರೆದೂ ಕೊಟ್ಟೆ. ನಿನ್ನ ರಿಸಲ್ಟ್ ಅವರು ಬದಲಾಯಿಸಲ್ಲ. ಆದ್ರೂ ನಿನಗೆ ಹೇಳ್ಬೇಕಿತ್ತು, ಬಂದೆ."

"ಮಕ್ಕಳು?"

"ಬೆಲ್ಟ್ ಕೊಡದೇ ಇರೋ ಕ್ಲಾಸಿಗೆ ಯಾರಮ್ಮಾ ಬರ್ತಾರೆ?" ನಗಲು ನೋಡಿದರು, ಆಗಲಿಲ್ಲ. ಸೈಕಲ್ ತಿರುಗಿಸಿಕೊಂಡು ಹೊರಟುಹೋದರು.

ಮುಂದಿನ ಭಾನುವಾರ ನಾನು ಅವರ ತಾರಸಿಗೆ ಹೋದೆ. ಅಲ್ಲಿಂದ ಹತ್ತು ವರ್ಷ ನಾವಿಬ್ಬರೇ. ಕೆಳಗೆ ಮಾರುಕಟ್ಟೆಗೆ ಬರುವ ಕೈಗಾಡಿಗಳ ಸದ್ದು, ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದುಗಳು, ಮೇಲೆ ನೀರಿನ ಟ್ಯಾಂಕಿನ ಪಕ್ಕ ಇಬ್ಬರು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಸುತ್ತುತ್ತಿರುವುದು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸರು ಮೊದಲು ನಗುತ್ತಿದ್ದರು, ಆಮೇಲೆ ನಗುವುದನ್ನೂ ಬಿಟ್ಟರು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಹಾಲಿಲ್ಲದ ಸುಲೇಮಾನಿ ಚಹಾ. ಅವರ ಮಗಳ ವಿಷಯ ನಾನು ಕೇಳುತ್ತಿರಲಿಲ್ಲ, ನಾನು ಯಾಕೆ ಮದುವೆಯಾಗಲಿಲ್ಲ ಎಂದು ಅವರು ಕೇಳುತ್ತಿರಲಿಲ್ಲ.

ಒಮ್ಮೆ ಮಾತ್ರ ತಡೆಯಲಾರದೆ ಕೇಳಿದೆ. "ಮಾಸ್ಟರ್, ಈಗ ನಾ ಯಾವ ಮಟ್ಟದಾಗ ಅದೀನ್ರಿ?"

"ಅಯ್ಯೋ, ಮಟ್ಟದ ಯೋಚನೆ ಬಿಟ್ಟಿದಾಳೆ ಅಂತ ಇವತ್ತು ಬೆಳಿಗ್ಗೆ ತಾನೇ ಖುಷಿಪಟ್ಟಿದ್ದೆ. ಕೇಳ್ಬಿಟ್ಟೆಯಲ್ಲ!"

ಇಬ್ಬರೂ ಬಹಳ ಹೊತ್ತು ನಕ್ಕೆವು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ನನಗೆ ಕೆ.ಆರ್. ಪುರಂ ಶಾಖೆಗೆ ವರ್ಗವಾಯಿತು. ಹೊರಮಾವಿನಲ್ಲಿ ಸಣ್ಣ ಫ್ಲ್ಯಾಟ್ ಮಾಡಿಕೊಂಡೆ. ಶಿವಾಜಿನಗರಕ್ಕೆ ಬರುವುದೆಂದರೆ ಎರಡು ಬಸ್ಸು. ಪ್ರತಿ ಭಾನುವಾರ ಹೋಗುತ್ತಿದ್ದವಳು ಎರಡು ವಾರಕ್ಕೊಮ್ಮೆ ಹೋದೆ, ಆಮೇಲೆ ತಿಂಗಳಿಗೊಮ್ಮೆ. ಬಸ್ಸು ಸಿಗಲಿಲ್ಲ, ಮೈಯಲ್ಲಿ ಹುಷಾರಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೋದಾಗ ಅವರು ಯಾಕೆ ಬರಲಿಲ್ಲ ಎಂದು ಕೇಳುತ್ತಿರಲಿಲ್ಲ. ಕೈ ಮುಂದೆ ಚಾಚುತ್ತಿದ್ದರು, ಅಷ್ಟೇ. ಅವರ ಕೈ ಬರಬರುತ್ತಾ ಹಗುರವಾಗುತ್ತಿದ್ದುದು ನನಗೆ ತಿಳಿಯುತ್ತಿತ್ತು. ಅದು ವಿದ್ಯೆಯಿಂದ ಬಂದ ಹಗುರವೆಂದುಕೊಂಡೆ. ಕಾಯಿಲೆಯೆಂದು ಹೊಳೆಯಲಿಲ್ಲ.

ಹಾಗೆ ಐದು ವಾರ ಬಿಟ್ಟು ಹೋದ ಒಂದು ಭಾನುವಾರ ಅಂಗಡಿಯ ಷಟರ್ ಇಳಿದಿತ್ತು. ಪಕ್ಕದಲ್ಲಿ ಗುಂಡಿ, ಲೇಸು ಮಾರುವ ಅಂಗಡಿಯವರು ನನ್ನನ್ನು ಕಂಡು ಎದ್ದು ನಿಂತರು.

"ಮಾಸ್ಟರ್ ಹೋಗ್ಬಿಟ್ರಲ್ಲಮ್ಮ. ಹನ್ನೊಂದು ದಿನ ಆಯ್ತು. ಮಗಳು ಬಂದಿದ್ಲು, ಎಲ್ಲಾ ಮುಗಿಸಿಕೊಂಡು ಹೋದ್ಲು. ನಿಮಗೆ ಹೇಳ್ಬೇಕು ಅಂತ ನಾವು ಹುಡುಕಿದ್ವಿ. ನಿಮ್ಮ ಫೋನ್ ನಂಬರ್ ಇಲ್ಲ. ಹೆಸರೂ ಗೊತ್ತಿಲ್ಲ. ಅವರು 'ನನ್ನ ಸ್ಟೂಡೆಂಟ್' ಅಂತಿದ್ರು, ಅಷ್ಟೇ."

"ಅವರಿಗೆ ಭಾಳ ಮಂದಿ ಸ್ಟೂಡೆಂಟ್ಸ್ ಇದ್ರಲ್ರಿ," ಎಂದೆ.

"ನಮಗೆ ಗೊತ್ತಿದ್ದವರು ನೀವೊಬ್ಬರೇ. ಭಾನುವಾರ ಹನ್ನೊಂದು ಗಂಟೆವರೆಗೂ ಕೆಳಗೆ ಬರ್ತಿರಲಿಲ್ಲ ಅವರು. ನೀವು ಬರದೇ ಇದ್ದಾಗಲೂ."

ತಾರಸಿಯ ಬೀಗದ ಕೈ ಅವರ ಬಳಿಯೇ ಇತ್ತು. ಕೇಳಿದೆ, ಕೊಟ್ಟರು. ಮೆಟ್ಟಿಲು ಹತ್ತುತ್ತಾ ಯೋಚಿಸಿದೆ. ತನ್ನ ತಪ್ಪು ಹೇಳಿಕೊಳ್ಳಲು ಆ ಮನುಷ್ಯ ಸೈಕಲ್ ತುಳಿದು ನನ್ನ ಗೇಟಿನವರೆಗೆ ಬಂದಿದ್ದರು. ನನ್ನದನ್ನು ಹೇಳಿಕೊಳ್ಳಲು ನನಗೆ ಎಷ್ಟೊಂದು ಭಾನುವಾರಗಳಿದ್ದವು.

ಮೇಲೆ ಏನೂ ಬದಲಾಗಿರಲಿಲ್ಲ. ಚಪ್ಪಲಿ ಬಿಟ್ಟು ನಿಂತೆ, ಮೊದಲಿನಿಂದ ಕೊನೆಯವರೆಗೆ ಅವರು ಕಲಿಸಿದ ತೈ ಚಿಯನ್ನು ಒಬ್ಬಳೇ ಮಾಡಿದೆ. ಅವರೊಂದಿಗೆ ಮಾಡುವಾಗ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅವತ್ತು ಎಷ್ಟು ಹಿಡಿಯಿತೋ ಗೊತ್ತಿಲ್ಲ. ಕೆಳಗೆ ಬಂದಾಗ ಗುಂಡಿ ಅಂಗಡಿಯವರು ಊಟಕ್ಕೆ ಹೋಗಿದ್ದರು. ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿದ್ದ ರಸೀದಿ ಪುಸ್ತಕದಿಂದ ಒಂದು ಹಾಳೆ ಹರಿದು, ಅದರ ಹಿಂದೆ ನನ್ನ ಹೆಸರು ಬರೆದು, ಬೀಗದ ಕೈಯ ಕೆಳಗಿಟ್ಟು ಬಂದೆ.